ಹಳೆಯ ಸ್ಪೀಡ್‌ಬೋಟ್ ಎಳೆಯುವ ಮುನ್ನ ಅದರ ನಿಜವಾದ ತೂಕ ತಿಳಿಯುವುದು ಹೇಗೆ?

ಅಮೆರಿಕದಲ್ಲಿ 1980ರ ದಶಕದ ಸ್ಪೀಡ್‌ಬೋಟ್‌ಗಳನ್ನು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಡಾಂಜಿ, ಫಾರ್ಮುಲಾ, ಬಾಹಾ, ವೆಲ್‌ಕ್ರಾಫ್ಟ್ ಸ್ಕ್ಯಾರಬ್ ಹೀಗೆ ಹತ್ತಾರು ಹೆಸರು. ಉದ್ದ ಮೂತಿ, ಚೂಪಾದ ತಳ, ಹಿಂದುಗಡೆ ದೊಡ್ಡ ವಿ8 ಎಂಜಿನ್. ಹೊಸದರ ಬೆಲೆಯ ಮುಂದೆ ಇವು ಅಗ್ಗ. ಕೆರೆ ಹತ್ತಿರ ಇದ್ದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಬೋಟನ್ನು ಚಕ್ರದ ಟ್ರೇಲರ್ ಮೇಲೆ ಕೂರಿಸಿ, ಸ್ವಂತ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯಬೇಕು. ಅಲ್ಲಿರುವ ನಮ್ಮವರ ಮನೆ ಮುಂದೆ ನಿಂತಿರುವುದು ಮಾತ್ರ ಹೆಚ್ಚಾಗಿ ಟೊಯೊಟಾ ಹೈಲ್ಯಾಂಡರ್ ಅಥವಾ ಹೋಂಡಾ ಪೈಲಟ್‌ನಂಥ ಎಸ್‌ಯುವಿ. ಇವು ಎಳೆಯಬಹುದಾದ ಗರಿಷ್ಠ ತೂಕ 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಮಾರುವವನು ಹಳೆಯ ಬ್ರೋಷರ್ ತೋರಿಸಿ "ಬೋಟ್ ಬರೀ 4,300 ಪೌಂಡ್ ಇದೆ, ಆರಾಮಾಗಿ ಎಳೆಯುತ್ತೆ" ಅನ್ನುತ್ತಾನೆ. ಆ ಮಾತು ನಂಬಿ ಹೆದ್ದಾರಿಗೆ ಇಳಿಯಬೇಡಿ.

ಬ್ರೋಷರಿನಲ್ಲಿ ಇರುವುದು "ಡ್ರೈ ವೇಟ್". ಪೆಟ್ರೋಲ್ ಇಲ್ಲ, ನೀರಿಲ್ಲ, ಸಾಮಾನಿಲ್ಲ, ಟ್ರೇಲರ್ ಅಂತೂ ಇಲ್ಲವೇ ಇಲ್ಲ. ಔಟ್‌ಬೋರ್ಡ್ ಬೋಟ್ (ಎಂಜಿನ್ ಹಿಂದೆ ಹೊರಗಡೆ ತೂಗುಹಾಕಿದ್ದು) ಆದರೆ ಎಂಜಿನ್ನೂ ಸೇರಿರದೆ ಇರಬಹುದು. ಆಗ ಬ್ರೋಷರ್ ಓದುವವನು ಹುಡುಕುತ್ತಿದ್ದುದು ವೇಗವನ್ನು. ತೂಕ ಕಡಿಮೆ ಇದ್ದಷ್ಟೂ ಬೋಟ್ ಚುರುಕು ಅಲ್ವಾ? ಹಾಗಾಗಿ ಆ ಅಂಕಿಯನ್ನು ಜಾಸ್ತಿ ತೋರಿಸುವ ಆಸೆ ಯಾರಿಗೂ ಇರಲಿಲ್ಲ. ಜೊತೆಗೆ ಫೈಬರ್‌ಗ್ಲಾಸ್ ಪದರಗಳನ್ನು ಕೈಯಿಂದಲೇ ಹಾಕುತ್ತಿದ್ದ ಕಾಲ ಅದು. ಒಂದೇ ಅಚ್ಚಿನಿಂದ ಬಂದ ಎರಡು ಬೋಟ್‌ಗಳ ತೂಕ ಒಂದೇ ಇರಬೇಕೆಂದಿಲ್ಲ.

ಮೊದಲು ಯಾವ ಬೋಟ್ ಅಂತ ಖಚಿತ ಮಾಡಿಕೊಳ್ಳಿ

ಬೋಟಿನ ಹಿಂಭಾಗದಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ, 12 ಅಕ್ಷರ ಮತ್ತು ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. 1972ರ ನವೆಂಬರ್‌ನಿಂದ ಅಮೆರಿಕದಲ್ಲಿ ಇದು ಕಡ್ಡಾಯ. 1980ರ ದಶಕದ ನಡುವಿನಿಂದ ಈಚಿನ ಬೋಟ್‌ಗಳಲ್ಲಿ ಅದರ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಆ ವರ್ಷದ, ಅದೇ ಮಾಡೆಲ್‌ನ ಬ್ರೋಷರನ್ನೇ ಹುಡುಕಿ. ಹೆಸರು ಅದೇ ಇದ್ದು ಒಳಗಿನ ಬೋಟ್ ಬದಲಾಗಿರುವುದು ಉಂಟು.

20 ಅಡಿಗಿಂತ ಚಿಕ್ಕ ಬೋಟಿನಲ್ಲಿ ಸ್ಟೀರಿಂಗ್ ಹತ್ತಿರ ಒಂದು ಕೆಪ್ಯಾಸಿಟಿ ಪ್ಲೇಟ್ ಇರುತ್ತದೆ. ಅದರಲ್ಲಿ ಬರೆದಿರುವ ಪೌಂಡ್ ಬೋಟಿನ ತೂಕ ಅಲ್ಲ, ಬೋಟ್ ಹೊರಬಹುದಾದ ತೂಕ. ಅದನ್ನು ನೋಡಿ ಲೆಕ್ಕ ಹಾಕಿದರೆ ಎಲ್ಲವೂ ತಲೆಕೆಳಗು.

ಆಮೇಲೆ ಎಂಜಿನ್ ನೋಡಿ. ಈ ವಯಸ್ಸಿನ ಬೋಟ್‌ಗಳಲ್ಲಿ ಎಷ್ಟೋ ಕಡೆ ಮೂಲ ಎಂಜಿನ್ ಉಳಿದಿರುವುದಿಲ್ಲ. ಸ್ಮಾಲ್ ಬ್ಲಾಕ್ ಅನ್ನುವ 5.7 ಲೀಟರ್‌ನ ಚಿಕ್ಕ ವಿ8 ಇದ್ದ ಜಾಗದಲ್ಲಿ ಬಿಗ್ ಬ್ಲಾಕ್ ಅನ್ನುವ 7.4 ಲೀಟರ್‌ನ ದೊಡ್ಡ ವಿ8 ಕೂರಿಸಿದ್ದರೆ ಸುಮಾರು 200 ಪೌಂಡ್ ಸೇರಿಸಿ. ಪ್ರೊಪೆಲರ್ ತಿರುಗಿಸುವ ಡ್ರೈವ್ ಸಮೇತ ಒಂದು ಬಿಗ್ ಬ್ಲಾಕ್ 1,000 ಪೌಂಡ್ ದಾಟುತ್ತದೆ. ಬ್ರೋಷರಿನ ತೂಕ ಒಂದೇ ಎಂಜಿನ್ನಿಗೆ ಹೇಳಿದ್ದು, ನಿಮ್ಮ ಮುಂದಿರುವುದು ಜೋಡಿ ಎಂಜಿನ್ ಬೋಟ್ ಆದರೆ ಆ ಬ್ರೋಷರ್ ಮಡಚಿಡಿ.

ಕಾಗದದ ಮೇಲೆ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. 24 ಅಡಿ ಬೋಟ್, ಒಂದೇ ಬಿಗ್ ಬ್ಲಾಕ್, ಬ್ರೋಷರಿನಲ್ಲಿ ಎಂಜಿನ್ ಸೇರಿ 4,300 ಪೌಂಡ್ ಅಂತ ಇದೆ ಅಂದುಕೊಳ್ಳಿ.

ಪೆಟ್ರೋಲ್ ಒಂದು ಗ್ಯಾಲನ್‌ಗೆ ಸುಮಾರು 6.1 ಪೌಂಡ್. ಟ್ಯಾಂಕ್ 90 ಗ್ಯಾಲನ್ ಹಿಡಿದರೆ 550 ಪೌಂಡ್ ಆಯಿತು. ಇಲ್ಲಿ ಕಾಲು ಟ್ಯಾಂಕ್ ಅಂತ ಲೆಕ್ಕ ಹಿಡಿದು ಸಮಾಧಾನ ಪಟ್ಟುಕೊಳ್ಳಬೇಡಿ. ನೀರಿನ ಮೇಲೆ ಪೆಟ್ರೋಲ್ ದುಬಾರಿ, ಹಾಗಾಗಿ ಎಲ್ಲರೂ ದಾರಿಯಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಾರೆ. ಕುಡಿಯುವ, ತೊಳೆಯುವ ನೀರಿನ 10 ಗ್ಯಾಲನ್ ಟ್ಯಾಂಕ್ ಇದ್ದರೆ ಇನ್ನೊಂದು 85. ದೊಡ್ಡ ಬ್ಯಾಟರಿ ಎರಡಕ್ಕೆ 110. ಲಂಗರು, ಸರಪಳಿ, ಹಗ್ಗ, ಲೈಫ್ ಜಾಕೆಟ್, ಫೆಂಡರ್, ಕೂಲರ್, ಟೂಲ್ ಬಾಕ್ಸ್ ಎಲ್ಲ ಸೇರಿ 250 ಅಂತ ಬರೆದುಕೊಳ್ಳಿ. ಬೇಕಿದ್ದರೆ ಸೀಟ್ ಕೆಳಗಿನ ಡಬ್ಬಗಳನ್ನು ಒಮ್ಮೆ ಖಾಲಿ ಮಾಡಿ ನೋಡಿ. ಇಷ್ಟು ವರ್ಷದಲ್ಲಿ ಮೂರ್ನಾಲ್ಕು ಮಾಲೀಕರು ಬಿಟ್ಟುಹೋದ ಹಗ್ಗ, ಹಳೆಯ ಪ್ರೊಪೆಲರ್, ಅರ್ಧ ಖಾಲಿ ಆಯಿಲ್ ಕ್ಯಾನ್ ಎಲ್ಲ ಅಲ್ಲೇ ಇರುತ್ತವೆ.

ಇಲ್ಲಿಗೆ 5,295 ಪೌಂಡ್ ಆಯಿತು. ಟ್ರೇಲರ್ ಇನ್ನೂ ಬಂದಿಲ್ಲ.

ಒಳಗೆ ಕುಡಿದಿರುವ ನೀರು

ಹಳೆಯ ಬೋಟಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಫೈಬರ್‌ಗ್ಲಾಸ್ ಚರ್ಮದ ಒಳಗೆ ಉದ್ದಕ್ಕೂ ತೊಲೆಗಳಿವೆ, ಅವುಗಳೊಳಗೆ ಹೆಚ್ಚಾಗಿ ಮರ ಅಥವಾ ಪ್ಲೈವುಡ್. ಹಿಂಬದಿಯ ಹಲಗೆಯಲ್ಲೂ ಪ್ಲೈವುಡ್. ಕೆಲವು ಬೋಟ್‌ಗಳ ತಳದಲ್ಲಿ ಬಾಲ್ಸಾ ಮರ. ನೆಲದ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಸುತ್ತ ಫೋಮ್ ಸುರಿದಿರಬಹುದು. ಒಣಗಿದ ಫೋಮ್ ಒಂದು ಘನ ಅಡಿಗೆ ಎರಡೇ ಪೌಂಡ್ ಆಸುಪಾಸು. ಅದೇ ಜಾಗದಲ್ಲಿ ನೀರು ತುಂಬಿದರೆ 60 ಪೌಂಡಿನ ಹತ್ತಿರ. ನಾಲ್ಕೇ ಘನ ಅಡಿ ನೆನೆದಿದ್ದರೂ ಸುಮಾರು 240 ಪೌಂಡ್ ಹೆಚ್ಚಾಯಿತು. ಹೊರಗಿನಿಂದ ಬೋಟ್ ಪಾಲಿಶ್ ಹೊಡೆದು ಹೊಳೆಯುತ್ತಿರುತ್ತದೆ, ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ನೋಡುವುದು ಹೇಗೆ? ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ತೆಗೆದುಕೊಂಡು ಹಿಂಬದಿಯ ಹಲಗೆಯನ್ನು ಅಂಗುಲ ಅಂಗುಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ "ಟಕ್ ಟಕ್" ಅಂತ ಚುರುಕಾದ ಸದ್ದು. ನೆನೆದ ಜಾಗ ಬಂದ ಕೂಡಲೇ ಸದ್ದು ಸತ್ತು "ದಬ್" ಅನ್ನುತ್ತದೆ. ಸ್ಟರ್ನ್‌ಡ್ರೈವ್ (ಆ ಹಲಗೆಯ ಹೊರಗೆ ಜೋಡಿಸಿರುವ ಡ್ರೈವ್) ಸುತ್ತಲಿನ ಬೋಲ್ಟ್‌ಗಳ ಕೆಳಗೆ ಕಂದು ಬಣ್ಣದ ಗೆರೆ ಇಳಿದಿದೆಯಾ ನೋಡಿ. ಮಾಲೀಕರು ಒಪ್ಪಿದರೆ ಒಳಗಡೆಯಿಂದ, ಕೆಳಮಟ್ಟದಲ್ಲಿರುವ ಒಂದು ಸ್ಕ್ರೂ ಬಿಚ್ಚಿಸಿ. ಸ್ಕ್ರೂ ಜೊತೆ ಟೀ ಡಿಕಾಕ್ಷನ್ ಬಣ್ಣದ ನೀರು ಬಂದರೆ, ಅಥವಾ ಎಳೆಎಳೆಯಾಗಿ ಕೊಳೆತ ಮರ ಅಂಟಿಕೊಂಡು ಬಂದರೆ, ತೂಕದ ಮಾತು ಆಮೇಲೆ. ಮೊದಲು ಆ ಬೋಟ್ ಬೇಕಾ ಅಂತ ಯೋಚಿಸಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ತಳದ ಡ್ರೇನ್ ಪ್ಲಗ್ ಬಿಚ್ಚಿ, ಬೋಟಿನ ಮೂತಿ ಮೇಲೆ ಬರುವಂತೆ ಟ್ರೇಲರಿನ ಜ್ಯಾಕ್ ಏರಿಸಿ ಬಿಡಿ. ಮಳೆ ಇಲ್ಲದ ದಿನಗಳಲ್ಲೂ ಮಾರನೆ ದಿನ, ಅದರ ಮಾರನೆ ದಿನ ಹನಿ ಬೀಳುತ್ತಲೇ ಇದ್ದರೆ ನೀರು ಎಲ್ಲೋ ಒಳಗೆ ಕೂತಿದೆ.

ನಮ್ಮ ಉದಾಹರಣೆಗೆ 240 ಸೇರಿಸಿದರೆ 5,535. ಜೋಡಿ ಆಕ್ಸಲ್‌ನ ಉಕ್ಕಿನ ಟ್ರೇಲರ್ 1,500 ಪೌಂಡ್ ಅಂತ ಹಿಡಿಯಿರಿ. ಒಟ್ಟು 7,035. ಮಾರುವವನು ಹೇಳಿದ್ದು 4,300! ಹೈಲ್ಯಾಂಡರ್ ಕಥೆ ಇಲ್ಲಿಗೆ ಮುಗಿಯಿತು.

ಟ್ರೇಲರಿನ ಮೇಲಿರುವ ಪ್ಲೇಟಿನಲ್ಲಿ ಜಿವಿಡಬ್ಲ್ಯುಆರ್ ಅಂತ ಬರೆದಿರುತ್ತದೆ. ಬೋಟ್ ಮತ್ತು ಟ್ರೇಲರ್ ಎರಡೂ ಸೇರಿ ಮೀರಬಾರದ ಮಿತಿ ಅದು. ತಲಾ 3,500 ಪೌಂಡ್ ಹೊರುವ ಎರಡು ಆಕ್ಸಲ್ ಇದ್ದರೆ ಆಕ್ಸಲ್‌ಗಳು ಹೊರುವುದು 7,000.

ಕಾಟಾದ ಮೇಲೆ

ಮೇಲಿನ ಲೆಕ್ಕ ಬೋಟ್ ಕೊಳ್ಳುವ ಮೊದಲು, ಯಾವ ಗಾಡಿ ಬೇಕು ಅಂತ ತೀರ್ಮಾನಿಸಲು ಸಾಕು. ಬೋಟ್ ಕೈಗೆ ಬಂದ ಮೇಲೆ ತೂಗಿಸಲೇಬೇಕು. ನಮ್ಮ ಮಂಡ್ಯ ಕಡೆ ಕಬ್ಬಿನ ಲಾರಿಯನ್ನು ಕಾರ್ಖಾನೆಯಲ್ಲಿ ತೂಗುವ ಹಾಗೆಯೇ. ತುಂಬಿದ ಲಾರಿ ಒಂದು ಸಲ, ಖಾಲಿ ಲಾರಿ ಒಂದು ಸಲ, ಕಳೆದರೆ ಕಬ್ಬು.

ಅಮೆರಿಕದ ಹೆದ್ದಾರಿ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಜ್‌ಗಳಿವೆ. 1977ರಲ್ಲಿ ಶುರುವಾದ ಕಂಪನಿ, ದೇಶದ ತುಂಬಾ ಇದೆ. ದೊಡ್ಡ ಟ್ರಕ್‌ಗಳ ಮಧ್ಯೆ ಸಣ್ಣ ಗಾಡಿ ನಿಲ್ಲಿಸಲು ಸಂಕೋಚ ಬೇಡ, ಯಾರು ಬೇಕಾದರೂ ತೂಗಿಸಬಹುದು. ಅದರ ಹಲಗೆಗಳು ಬೇರೆ ಬೇರೆ. ಗಾಡಿಯ ಮುಂದಿನ ಚಕ್ರ ಮೊದಲ ಹಲಗೆಯ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ ಬರಬೇಕು. ಟ್ಯಾಂಕ್ ತುಂಬಿಸಿಯೇ ಹೋಗಿ. ಮನೆಮಂದಿಯೂ ಗಾಡಿಯಲ್ಲೇ ಇರಲಿ. ಚೀಟಿ ತೆಗೆದುಕೊಂಡು, ಟ್ರೇಲರ್ ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಅದೇ ಜನರನ್ನು ಕೂರಿಸಿಕೊಂಡು ಬರೀ ಗಾಡಿಯನ್ನು ಮತ್ತೆ ತೂಗಿಸಿ. 24 ಗಂಟೆಯೊಳಗೆ ಎರಡನೇ ಸಲಕ್ಕೆ ದರ ಕಡಿಮೆ.

ಮೊದಲ ಚೀಟಿಯಲ್ಲಿ ಮುಂದಿನ ಚಕ್ರ 2,900, ಹಿಂದಿನದು 3,900, ಟ್ರೇಲರ್ 6,500, ಒಟ್ಟು 13,300 ಅಂತ ಬಂತು ಅಂದುಕೊಳ್ಳಿ. ಎರಡನೇ ಚೀಟಿಯಲ್ಲಿ ಬರೀ ಗಾಡಿ 6,200. ಕಳೆಯಿರಿ, ಬೋಟ್ ಮತ್ತು ಟ್ರೇಲರ್ 7,100. ಅದರಲ್ಲಿ ಟ್ರೇಲರ್ ಚಕ್ರಗಳು ಹೊತ್ತಿದ್ದು 6,500. ಉಳಿದ 600 ಪೌಂಡ್ ಟ್ರೇಲರನ್ನು ಗಾಡಿಗೆ ಸೇರಿಸುವ ಹಿಚ್ಚಿನ ಮೇಲೆ ಒತ್ತುತ್ತಿದೆ, ಅದೇ ಟಂಗ್ ವೇಟ್.

ಬರೀ ಬೋಟಿನ ತೂಕ ಬೇಕಿದ್ದರೆ ಬೋಟನ್ನು ನೀರಿಗೆ ಇಳಿಸಿದ ದಿನ ಖಾಲಿ ಟ್ರೇಲರ್ ತೂಗಿಸಿ. ಬೋಟ್ ಕೂರುವ ಮರದ ಬಂಕ್‌ಗಳ ಮೇಲಿನ ಕಾರ್ಪೆಟ್ ನೀರು ಕುಡಿದಿರುತ್ತದೆ, ಸ್ವಲ್ಪ ಸುರಿದುಹೋಗಲಿ, ಆಮೇಲೆ ಹೋಗಿ. ಟ್ರೇಲರ್ ಇಲ್ಲದೆ ಮರೀನಾದಲ್ಲೇ ಬೋಟ್ ಕೊಳ್ಳುತ್ತಿದ್ದರೆ ಅಲ್ಲಿನ ಲಿಫ್ಟ್ ನಡೆಸುವವರನ್ನು ಕೇಳಿ. ಎಷ್ಟೋ ಲಿಫ್ಟ್‌ಗಳಲ್ಲಿ ತೂಕ ತೋರಿಸುವ ಮೀಟರ್ ಇರುತ್ತದೆ. ಕ್ಯಾಟ್ ಸ್ಕೇಲಿನಷ್ಟು ನಿಖರ ಅಲ್ಲ, ಆದರೆ ಬ್ರೋಷರಿಗಿಂತ ಎಷ್ಟೋ ವಾಸಿ.

ಚೀಟಿ ಕೈಯಲ್ಲಿ ಹಿಡಿದು

ಬೋಟ್ ಟ್ರೇಲರಿಗೆ ಟಂಗ್ ವೇಟ್ ಒಟ್ಟು ತೂಕದ ಶೇ 5ರಿಂದ 10ರೊಳಗೆ ಇರಬೇಕು. ನಮ್ಮ 600 ಪೌಂಡ್ ಸುಮಾರು ಶೇ 8.5, ಚೆನ್ನಾಗಿದೆ. ಸ್ಪೀಡ್‌ಬೋಟಿನ ಭಾರವೆಲ್ಲ ಹಿಂದೆ ಇರುವುದರಿಂದ ಟಂಗ್ ಹಗುರಾಗುವ ಅಪಾಯ ಜಾಸ್ತಿ. ಹಗುರಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಗಾಡಿಯನ್ನೂ ಎಳೆದಾಡುತ್ತದೆ. ಬೋಟಿನ ಮೂತಿಯನ್ನು ಎಳೆದು ಕಟ್ಟುವ ವಿಂಚ್ ಕಂಬವನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಬೋಟನ್ನು ಮುಂದೆ ಎಳೆದು ಕೂರಿಸಿ ಮತ್ತೆ ತೂಗಿಸಿ.

ಈಗ ಚಾಲಕನ ಬಾಗಿಲು ತೆಗೆದು ಚೌಕಟ್ಟಿನ ಸ್ಟಿಕ್ಕರ್ ಓದಿ. ಜನ ಮತ್ತು ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಅಂತ ಅಲ್ಲಿದೆ. ಟಂಗ್ ವೇಟ್ ಕೂಡ ಅದರೊಳಗೇ ಬರಬೇಕು. 600 ಪೌಂಡ್ ಹಿಚ್ಚಿಗೆ, ನಾಲ್ಕು ಜನಕ್ಕೆ ಇನ್ನೊಂದು 600 ಅಂದರೆ 1,200 ಅಲ್ಲೇ ಹೋಯಿತು. ಎಳೆಯುವ ಶಕ್ತಿ ಸಾಕಷ್ಟಿದ್ದರೂ ಎಷ್ಟೋ ಗಾಡಿಗಳು ಸೋಲುವುದು ಈ ಸ್ಟಿಕ್ಕರಿನಲ್ಲಿ.

ಬ್ರೇಕ್ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. 3,000 ಪೌಂಡ್ ದಾಟಿದರೆ ಟ್ರೇಲರಿಗೆ ಸ್ವಂತ ಬ್ರೇಕ್ ಇರಬೇಕು ಅನ್ನುವ ರಾಜ್ಯಗಳೇ ಹೆಚ್ಚು. 7,000 ಪೌಂಡಿಗೆ ಕಾನೂನು ಕೇಳುವ ಅಗತ್ಯವೇ ಇಲ್ಲ, ಬ್ರೇಕ್ ಬೇಕೇ ಬೇಕು, ಕೆಲಸವನ್ನೂ ಮಾಡಬೇಕು.

ಕೊನೆಗೆ ಟೈರ್. ಟ್ರೇಲರ್ ಟೈರಿನ ಮೇಲೆ ಎಸ್‌ಟಿ205/75ಆರ್15 ಅನ್ನುವ ಅಳತೆ, ಲೋಡ್ ರೇಂಜ್ ಸಿ ಅನ್ನುವ ಹೊರೆಯ ದರ್ಜೆ ಇದ್ದರೆ 50 ಪಿಎಸ್‌ಐ ಗಾಳಿಯಲ್ಲಿ ಒಂದು ಟೈರ್ ಹೊರುವುದು 1,820 ಪೌಂಡ್. ನಾಲ್ಕಕ್ಕೆ 7,280. ಚಕ್ರಗಳ ಮೇಲೆ ಈಗ 6,500 ಇದೆ, ಉಳಿದ ಅಂತರ 780 ಮಾತ್ರ. ಗಾಳಿ ಕಡಿಮೆಯಾದರೆ ಅದೂ ಇಲ್ಲ. ಟೈರಿನ ಬದಿಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2314 ಅಂತ ಇದ್ದರೆ ಅದು 2014ರ 23ನೇ ವಾರದ ಟೈರ್. ತುಳಿಯುವ ಭಾಗ ಹೊಸದರ ಹಾಗೆ ಕಾಣುತ್ತಿದ್ದರೂ ಅಂಥದ್ದನ್ನು ಬಿಚ್ಚಿಸಿ, ಹೊಸದು ಹಾಕಿಸಿಕೊಂಡೇ ಬೋಟ್ ಮನೆಗೆ ತನ್ನಿ.