ಲೀಸ್‌ಹೋಲ್ಡ್ ಫ್ಲ್ಯಾಟ್ ಕೊಳ್ಳುವ ಮುನ್ನ: ಗ್ರೌಂಡ್ ರೆಂಟ್ ಪರಿಷ್ಕರಣೆಯ ಲೆಕ್ಕ ಹಾಕುವುದು ಹೇಗೆ?

ಲಂಡನ್, ರೆಡಿಂಗ್, ಮ್ಯಾಂಚೆಸ್ಟರ್‌ಗಳಲ್ಲಿ ನೆಲೆಸಿ ಮೊದಲ ಮನೆಯಾಗಿ ಫ್ಲ್ಯಾಟ್ ಹುಡುಕುವ ಕನ್ನಡಿಗರಿಗೆ ಬೇಗ ಎದುರಾಗುವ ಸಂಗತಿಯೆಂದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್‌ಗಳು ಬಹುತೇಕ ಲೀಸ್‌ಹೋಲ್ಡ್ ಆಗಿರುತ್ತವೆ. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್‌ಗೆ ಸೇರಿದ್ದು. ನೀವು ಹಣ ಕೊಟ್ಟು ಪಡೆಯುವುದು 99, 125 ಅಥವಾ 999 ವರ್ಷಗಳಂತಹ ಅವಧಿಯ ಹಕ್ಕನ್ನು. ಬೆಂಗಳೂರಿನಲ್ಲಿ ಬಿಡಿಎ ನಿವೇಶನದ ಲೀಸ್-ಕಮ್-ಸೇಲ್ ಕರಾರು ನಿಗದಿತ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರವಾಗುವುದನ್ನು ಕಂಡವರು, ಇಲ್ಲಿಯೂ ಹಾಗೆಯೇ ತಾನಾಗಿ ಮಾಲೀಕತ್ವ ಬರುತ್ತದೆಂದು ಭಾವಿಸಬಾರದು. ಈ ಅವಧಿಯುದ್ದಕ್ಕೂ ಫ್ರೀಹೋಲ್ಡರ್‌ಗೆ ಪ್ರತಿವರ್ಷ ಕಟ್ಟಬೇಕಾದ ಮೊತ್ತವೇ ಗ್ರೌಂಡ್ ರೆಂಟ್. ಕಟ್ಟಡದ ನಿರ್ವಹಣೆಗೆ ಕೊಡುವ ಸರ್ವಿಸ್ ಚಾರ್ಜ್ ಇದರಿಂದ ಬೇರೆ. ಗ್ರೌಂಡ್ ರೆಂಟ್‌ಗೆ ಪ್ರತಿಯಾಗಿ ಯಾವ ಸೇವೆಯೂ ಸಿಗುವುದಿಲ್ಲ.

ಮೊದಲು ಲೀಸ್ ಯಾವ ದಿನಾಂಕದ್ದೆಂದು ನೋಡಿ. 2022ರ ಜೂನ್ 30ರಂದು ಜಾರಿಗೆ ಬಂದ ಕಾನೂನಿನಂತೆ, ಅಲ್ಲಿಂದೀಚೆಗೆ ನೀಡಲಾದ ಹೆಚ್ಚಿನ ಹೊಸ ದೀರ್ಘಾವಧಿ ವಸತಿ ಲೀಸ್‌ಗಳಲ್ಲಿ ಗ್ರೌಂಡ್ ರೆಂಟ್ ವಸೂಲು ಮಾಡುವಂತಿಲ್ಲ. ನಿವೃತ್ತರ ವಸತಿಗೆ ಇದೇ ನಿಯಮ 2023ರ ಏಪ್ರಿಲ್ 1ರಿಂದ ಅನ್ವಯಿಸಿತು. ಅದಕ್ಕೂ ಹಿಂದಿನ ಲೀಸ್ ಇರುವ ಫ್ಲ್ಯಾಟನ್ನು ನೀವು ಇಂದು ಕೊಂಡರೂ ಹಳೆಯ ಷರತ್ತುಗಳೇ ನಿಮಗೆ ವರ್ಗವಾಗುತ್ತವೆ. ಹಳೆಯ ಲೀಸ್‌ಗಳ ಬಾಡಿಗೆಗೂ ಮಿತಿ ಹೇರುವ ಪ್ರಸ್ತಾವಗಳಿವೆ, ನಿಜ. ಆದರೆ ಪ್ರಸ್ತಾವವನ್ನು ನೆಚ್ಚಿಕೊಂಡು ಸಹಿ ಹಾಕುವುದು ಜಾಣತನವಲ್ಲ.

ಹಳೆಯ ಲೀಸ್ ಆಗಿದ್ದರೆ ಅದರ ಪೂರ್ಣ ಪ್ರತಿಯನ್ನು ನಿಮ್ಮ ಸಾಲಿಸಿಟರ್ (ಆಸ್ತಿ ವ್ಯವಹಾರ ನೋಡಿಕೊಳ್ಳುವ ವಕೀಲರು) ಮೂಲಕ ತರಿಸಿಕೊಳ್ಳಿ. ಎಸ್ಟೇಟ್ ಏಜೆಂಟರ ಜಾಹೀರಾತಿನಲ್ಲಿ ಎದ್ದು ಕಾಣುವುದು ಈ ವರ್ಷದ ಮೊತ್ತ. ಅದು ಯಾವಾಗ, ಯಾವ ಸೂತ್ರದಂತೆ ಏರುತ್ತದೆ ಎಂಬುದು ಲೀಸ್‌ನ ಒಳಪುಟಗಳಲ್ಲಿ, ಅನೇಕ ಸಲ ಕೊನೆಯ ಅನುಸೂಚಿಯೊಂದರಲ್ಲಿ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಲೀಸ್‌ನಲ್ಲಿ ಕೊಳ್ಳುವವರು ಸ್ವತಃ, ಪೆನ್ಸಿಲ್ ಹಿಡಿದು ಓದಲೇಬೇಕಾದ ಭಾಗವಿದ್ದರೆ ಅದು ಇದೇ.

ಪರಿಷ್ಕರಣೆಯ ಸೂತ್ರಗಳು ಹಲವು ಬಗೆ. ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಪೌಂಡ್ ಏರಿಕೆ ಎಂದು ಮೊದಲೇ ಬರೆದಿದ್ದರೆ ಚಿಂತೆ ಕಡಿಮೆ. ದುಪ್ಪಟ್ಟಾಗುವ ಸೂತ್ರದಲ್ಲಿ ಮಾತ್ರ ಎಷ್ಟು ವರ್ಷಕ್ಕೊಮ್ಮೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. 250 ಪೌಂಡ್ ಬಾಡಿಗೆ 25 ವರ್ಷಕ್ಕೊಮ್ಮೆ ದುಪ್ಪಟ್ಟಾದರೆ ಅದು ವರ್ಷಕ್ಕೆ ಸುಮಾರು ಶೇ 2.8ರ ಚಕ್ರಬಡ್ಡಿಗೆ ಸಮ. ಅದೇ ಬಾಡಿಗೆ 10 ವರ್ಷಕ್ಕೊಮ್ಮೆ ದುಪ್ಪಟ್ಟಾದರೆ ದರ ಶೇ 7.2ರ ಆಸುಪಾಸಿಗೆ ಏರಿ, 51ನೇ ವರ್ಷದಲ್ಲಿ 8,000 ಪೌಂಡ್ ಆಗುತ್ತದೆ. ಇಂತಹ ಷರತ್ತುಗಳಿಂದಾಗಿ ಮಾರಲಾಗದೆ ಉಳಿದ ಮನೆಗಳ ವಿಷಯ ದೊಡ್ಡ ವಿವಾದವಾಗಿ, ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ತನಿಖೆ ನಡೆಸಿದ ಮೇಲೆ 2021ರಲ್ಲಿ ಕೆಲವು ದೊಡ್ಡ ನಿರ್ಮಾಣ ಕಂಪನಿಗಳು ಅವುಗಳನ್ನು ತೆಗೆದುಹಾಕಲು ಒಪ್ಪಿದವು.

ಚಿಲ್ಲರೆ ಬೆಲೆ ಸೂಚ್ಯಂಕಕ್ಕೆ, ಅಂದರೆ ಆರ್‌ಪಿಐಗೆ, ಜೋಡಿಸಿದ ಬಾಡಿಗೆ ನಿರುಪದ್ರವಿಯಂತೆ ತೋರುತ್ತದೆ. ಆದರೆ 2022ರ ಅಕ್ಟೋಬರ್‌ನಲ್ಲಿ ಆರ್‌ಪಿಐ ಏರಿಕೆ ಶೇ 14.2 ಮುಟ್ಟಿತ್ತು ಎಂಬುದನ್ನು ನೆನಪಿಡಬೇಕು. ಏರಿಕೆಗೆ ಗರಿಷ್ಠ ಮಿತಿ ಇದೆಯೇ, ‘ಸೂಚ್ಯಂಕ ಅಥವಾ ನಿಗದಿತ ಏರಿಕೆ, ಯಾವುದು ಹೆಚ್ಚೋ ಅದು’ ಎಂಬ ಮಾತು ಸೇರಿದೆಯೇ, ಸೂಚ್ಯಂಕ ಇಳಿದರೆ ಬಾಡಿಗೆಯೂ ಇಳಿಯುತ್ತದೆಯೇ ಎಂಬುದನ್ನು ಹುಡುಕಿ. ಇನ್ನು ಫ್ಲ್ಯಾಟಿನ ಮಾರುಕಟ್ಟೆ ಬೆಲೆಯ ಇಂತಿಷ್ಟು ಅಂಶ ಎಂದಿದ್ದರೆ ಪ್ರತಿ ಪರಿಷ್ಕರಣೆಗೂ ಮೌಲ್ಯಮಾಪಕರು ಬೇಕಾಗುತ್ತಾರೆ. ಅವರ ಶುಲ್ಕವನ್ನು ಯಾರು ಭರಿಸಬೇಕೆಂದು ಲೀಸ್ ಹೇಳುತ್ತದೆಯೋ ನೋಡಿ.

ಸೂತ್ರ ತಿಳಿದ ಮೇಲೆ ಪರಿಷ್ಕರಣೆಯ ವರ್ಷಗಳನ್ನೂ ಆಗಿನ ಬಾಡಿಗೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಾಡಿಗೆಯು ಮನೆಯ ಬೆಲೆಯ ಶೇ 0.1 ಮೀರಿದರೆ ಸಾಲ ಕೊಡಲು ಹಿಂಜರಿಯುವ ಬ್ಯಾಂಕುಗಳಿವೆ. 3 ಲಕ್ಷ ಪೌಂಡ್‌ಗಳ ಫ್ಲ್ಯಾಟಿಗೆ ಈ ಮಿತಿ 300 ಪೌಂಡ್. ಈಗ 250 ಇರುವ ಬಾಡಿಗೆ ನಾಲ್ಕು ವರ್ಷಗಳಲ್ಲಿ 500 ಆಗುವುದಿದ್ದರೆ, ನಿಮಗೆ ಸಾಲ ಸಿಕ್ಕರೂ ನಾಳೆ ನಿಮ್ಮಿಂದ ಕೊಳ್ಳುವವರಿಗೆ ಸಿಗದಿರಬಹುದು.

ಹಿಂದಿನ ಪರಿಷ್ಕರಣೆಗಳು ನಿಜವಾಗಿ ನಡೆದಿವೆಯೇ ಎಂದೂ ಮಾರುವವರನ್ನು ಲಿಖಿತವಾಗಿ ಕೇಳಿಸಿ. ದಿನಾಂಕ ದಾಟಿದ ಮಾತ್ರಕ್ಕೆ ಪರಿಷ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗುವುದಿಲ್ಲ. ಫ್ರೀಹೋಲ್ಡರ್ ತಡವಾಗಿ ಲೆಕ್ಕ ತೆಗೆದು, ಅಂತರದ ಬಾಕಿಯನ್ನು ನಿಮ್ಮ ಕಾಲದಲ್ಲಿ ಕೇಳಬಹುದು. ಈ ಸಂಭವವಿದ್ದರೆ ಮಾರುವವರ ಹಣದಲ್ಲಿ ಒಂದಂಶವನ್ನು ತಡೆಹಿಡಿಯುವ ಏರ್ಪಾಡಿಗೆ ಸಾಲಿಸಿಟರ್ ಒತ್ತಾಯಿಸಬೇಕು.

ಷರತ್ತು ಕೆಟ್ಟದ್ದಾಗಿದ್ದರೆ, ಕೊಳ್ಳುವ ಮುನ್ನವೇ ತಿದ್ದುಪಡಿ ಪತ್ರ ಮಾಡಿಸಿಕೊಡುವಂತೆ ಮಾರುವವರನ್ನು ಕೇಳುವುದು ಮೊದಲ ದಾರಿ. ಬೆಲೆ ಇಳಿಸಿಕೊಳ್ಳುವುದು ಅದಕ್ಕಿಂತ ದುರ್ಬಲವಾದದ್ದು, ಏಕೆಂದರೆ ದೋಷ ಮನೆಯಲ್ಲೇ ಉಳಿಯುತ್ತದೆ. ಮೂರನೆಯದು, ಕೊಂಡ ಬಳಿಕ ಕಾನೂನುಬದ್ಧವಾಗಿ ಲೀಸ್ ಅವಧಿ ವಿಸ್ತರಿಸಿಕೊಳ್ಳುವುದು. ಹಾಗೆ ಮಾಡಿದಾಗ ಗ್ರೌಂಡ್ ರೆಂಟ್ ಶೂನ್ಯವಾಗುತ್ತದೆ, ಮತ್ತು ಎರಡು ವರ್ಷ ಮಾಲೀಕರಾಗಿರಬೇಕೆಂಬ ನಿಬಂಧನೆ 2025ರ ಜನವರಿ 31ರಿಂದ ಇಲ್ಲ. ಆದರೆ ಬಾಡಿಗೆ ಏರುಗತಿಯಲ್ಲಿದ್ದಷ್ಟೂ ವಿಸ್ತರಣೆಗೆ ಫ್ರೀಹೋಲ್ಡರ್‌ಗೆ ಕೊಡಬೇಕಾದ ಪರಿಹಾರವೂ ಹೆಚ್ಚುವುದರಿಂದ, ಆ ಅಂದಾಜನ್ನು ಕರಾರು ವಿನಿಮಯವಾಗುವ, ಅಂದರೆ ಎರಡೂ ಕಡೆಯವರು ಖರೀದಿಗೆ ಕಾನೂನುಬದ್ಧವಾಗಿ ಕಟ್ಟುಬೀಳುವ, ಮೊದಲೇ ಪಡೆದಿರಬೇಕು. ವಿನಿಮಯದ ನಂತರ ಚೌಕಾಸಿಗೆ ಎಡೆಯಿರುವುದಿಲ್ಲ.