ಚಳಿ ಬಿತ್ತು, ಟೈರಿನ ಗಾಳಿ ನೋಡಿಕೊಳ್ಳಿ

ಶಿರಸಿಯಿಂದ ಬೆಳಗಿನ ಜಾವ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರಿಗೆ ಒಂದು ಮಾತು. ಉಷ್ಣಾಂಶ 5–6 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ (ಬಂಕಿನಲ್ಲಿ ಗಾಳಿ ಅಳೆಯುವ ಮಾನ) ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ 33 ತುಂಬಿಸಿದ್ದು ಚಳಿಯ ಬೆಳಿಗ್ಗೆ 30ಕ್ಕೆ ಬಂದಿರಬಹುದು.

ಹೋದ ವರ್ಷ ನಾನೇ ತಪ್ಪು ಮಾಡಿದ್ದೆ. ಘಟ್ಟ ಇಳಿದವನೇ ಗಾಳಿ ಚೆಕ್ ಮಾಡಿಸಿದೆ, 36 ತೋರಿಸಿತು. ಜಾಸ್ತಿಯಾಯ್ತು ಅಂತ 3 ಬಿಡಿಸಿದೆ. ಮರುದಿನ ಬೆಳಿಗ್ಗೆ ಮನೆಯ ಅಂಗಳದಲ್ಲಿ ನೋಡಿದರೆ ಬರೀ 28! ಇಬ್ಬನಿಯಲ್ಲಿ ತೊಯ್ದ ಟೈರು ನೆಲಕ್ಕೆ ಹೊಟ್ಟೆ ಕೊಟ್ಟು ಕೂತಿತ್ತು. ಓಡಿ ಬಿಸಿಯಾದ ಟೈರು 3–4 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಡಿಸಲೇಬೇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, 2–3 ಕಿ.ಮೀ. ಒಳಗಿನ ಬಂಕಿನಲ್ಲೇ ನೋಡಿಸಿ.

ಎಷ್ಟು ಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿರುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಿದರೆ ಮಂಜಿನಲ್ಲಿ ಒದ್ದೆಯಾದ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಗಾಳಿ ಕಡಿಮೆಯಾದರೂ ಟೈರು ಬಿಸಿಯಾಗಿ ಅಂಚು ಸವೆಯುತ್ತದೆ.

ಸ್ಟೆಪ್ನಿಯನ್ನೂ ನೋಡಿಸಿ ಮಾರಾಯ್ರೆ, ಘಟ್ಟದ ನಡುವೆ ಪಂಕ್ಚರ್ ಅಂಗಡಿ ಸಿಗುವುದಿಲ್ಲ.