ಕಬಿನಿಯಲ್ಲಿ ಕಿವಿ, ಮಸಾಯಿ ಮಾರಾದಲ್ಲಿ ಕಣ್ಣು

ನಾನು ಮೈಸೂರಿನವಳು. ಕಬಿನಿ ಸಫಾರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಹುಲಿ ಹುಡುಕೋದು ಕಿವಿಯಿಂದ. ಮುಸುವ ಕೆಮ್ಮಿತಾ, ಜಿಂಕೆ ಕೂಗಿತಾ, ತಕ್ಷಣ ಜೀಪು ನಿಲ್ಲಿಸಿ ಉಸಿರು ಬಿಗಿಹಿಡಿದು ಕೂರಬೇಕು. ಅದೇ ಅಭ್ಯಾಸ ಹೊತ್ತುಕೊಂಡು ಸೆಪ್ಟೆಂಬರ್‌ನಲ್ಲಿ ಕೀನ್ಯಾದ ಮಸಾಯಿ ಮಾರಾಕ್ಕೆ ಹೋದೆ. ಅಲ್ಲಿ ನೋಡಿದರೆ ಬರೀ ಬಯಲು. ಸುಮಾರು 1,510 ಚದರ ಕಿಲೋಮೀಟರ್ ಹುಲ್ಲುಗಾವಲು, ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ.

ಹೊರಡುವ ಮೊದಲು ಎರಡೇ ಮುಖ್ಯ ಕೆಲಸ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಆ ಕಾರ್ಡು ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸಬಹುದು. ಇನ್ನೊಂದು, ಆನ್‌ಲೈನ್‌ನಲ್ಲಿ ಪ್ರವೇಶದ ಅನುಮತಿ. 2024ರಿಂದ ಅಲ್ಲಿಗೆ ವೀಸಾ ಬದಲು ಇದೇ ಇರುವುದು.

ನಾನು ಎಡವಿದ್ದು ಗಾಡಿಯ ವಿಷಯದಲ್ಲಿ. ನಾನು, ನನ್ನ ಗಂಡ, ನಾದಿನಿ, ಅವಳ ಗಂಡ, ಒಟ್ಟು ನಾಲ್ಕು ಜನ. ಲ್ಯಾಂಡ್ ಕ್ರೂಸರ್ (ಕೆಸರಲ್ಲೂ ಓಡುವ ದೊಡ್ಡ ಜೀಪು) ಅಂತ ಹೇಳಿ ದುಡ್ಡು ತೆಗೆದುಕೊಂಡವರು ನೈರೋಬಿಯಲ್ಲಿ ವ್ಯಾನ್ ತಂದು ನಿಲ್ಲಿಸಿದರು. ಜಗಳ ಆಡುವ ಶಕ್ತಿ ಇರಲಿಲ್ಲ, ಹತ್ತಿದೆವು. ಮೊದಲ ದಿನ ಮಧ್ಯಾಹ್ನ ಒಂದು ಮಳೆ ಬಿತ್ತು ನೋಡಿ! ಮಾರಾದ ನೆಲ ನಮ್ಮ ಗದಗ, ಧಾರವಾಡ ಕಡೆಯ ಎರೆಹೊಲದಂತೆಯೇ. ನೆನೆದರೆ ಚಕ್ರ ಬಿಡುವುದಿಲ್ಲ. ಎರಡು ಗಂಟೆ ಹೂತುಕೊಂಡಿದ್ದೆವು. ಜೀಬ್ರಾಗಳು ಹತ್ತಿರ ಬಂದು ನಮ್ಮನ್ನೇ ಸಫಾರಿ ನೋಡಿದ ಹಾಗೆ ನೋಡಿ ಹೋದವು.

ವ್ಯಾನ್ ನಡೆದಷ್ಟು ಹೊತ್ತು ಮಾಡಿದ್ದೂ ದಂಡ. ಡ್ರೈವರ್ ರೇಡಿಯೊದಲ್ಲಿ 'ಸಿಂಬಾ' ಅಂತ ಕೇಳಿದ ಕೂಡಲೇ ಓಡಿಸುವುದು. ಸ್ವಾಹಿಲಿಯಲ್ಲಿ ಸಿಂಹಕ್ಕೆ ಸಿಂಬಾ. ಒಂದು ಪ್ರಾಣಿಯ ಹತ್ತಿರ ಐದೇ ಗಾಡಿ ನಿಲ್ಲಬೇಕು ಅನ್ನುವ ನಿಯಮ ಇದೆ. ಹಾಗಾಗಿ ಉಳಿದವರು ಹಿಂದೆ ಕಾಯಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಸಿಂಹ ಬೆನ್ನು ತಿರುಗಿಸಿ ಮಲಗಿರುತ್ತಿತ್ತು.

ಮರುದಿನ ಜಾಸ್ತಿ ದುಡ್ಡು ಕೊಟ್ಟು ಲ್ಯಾಂಡ್ ಕ್ರೂಸರ್ ಹಿಡಿದೆವು. ಅದರ ಡ್ರೈವರ್‌ಗೆ ಐವತ್ತು ದಾಟಿರಬೇಕು. ಹತ್ತಿದ ಕೂಡಲೇ ಅವರು ರೇಡಿಯೊ ಸದ್ದು ತಗ್ಗಿಸಿದರು. "ಸಿಂಹ ಹುಡುಕಬೇಡಿ. ಟೋಪಿ ಎತ್ತ ನೋಡುತ್ತಿದೆ ನೋಡಿ" ಅಂದರು. ನಾನು ಅವರ ತಲೆಯ ಮೇಲಿನ ಟೋಪಿ ನೋಡಿದೆ! ಟೋಪಿ ಅಂದರೆ ಅಲ್ಲಿನ ಒಂದು ಜಾತಿಯ ಜಿಂಕೆಯಂಥ ಪ್ರಾಣಿ. ಹುತ್ತದ ಮೇಲೆ ಹತ್ತಿ ಕಾವಲುಗಾರನ ಹಾಗೆ ನಿಲ್ಲುತ್ತದೆ. ಅದು ಮೇಯದೆ ಒಂದೇ ಕಡೆ ದಿಟ್ಟಿಸುತ್ತಿದೆ ಅಂದರೆ ಆ ದಿಕ್ಕಿನಲ್ಲಿ ಏನೋ ಇದೆ.

ಹಾಗೆ ಒಂದು ಟೋಪಿಯ ನೋಟ ಹಿಡಿದು ದುರ್ಬೀನಿನಲ್ಲಿ ಹುಡುಕಿದೆವು. ಕಾಲು ಗಂಟೆ ಬರೀ ಹುಲ್ಲು. ಆಮೇಲೆ ಹುಲ್ಲಿನ ನಡುವೆ ಎರಡು ಕಿವಿ. ನಾದಿನಿ "ಚಿರತೆ!" ಅಂದಳು. ಅಲ್ಲ, ಚೀತಾ. ನಮ್ಮಲ್ಲಿ ಈ ಎರಡರ ಹೆಸರು ಕಲಸಿಹೋಗಿದೆ, ಅಲ್ವಾ? ಚಿರತೆಯ ಮೈಮೇಲೆ ಹೂವಿನ ಥರ ಬಿಡಿಸಿದ ಮಚ್ಚೆ, ಚೀತಾಗೆ ಬೊಟ್ಟಿಟ್ಟಂಥ ಚುಕ್ಕೆ. ಚೀತಾದ ಕಣ್ಣಿಂದ ಬಾಯಿಯವರೆಗೆ ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ. ಎರಡು ಗಂಟೆ ಅಲ್ಲೇ ನಿಂತೆವು. ಒಮ್ಮೆ ಗೆಜೆಲ್ ಅನ್ನುವ ಪುಟ್ಟ ಜಿಂಕೆಯಂಥ ಪ್ರಾಣಿಯ ಹಿಂದೆ ಓಡಿತು. ಎಣಿಸುವಷ್ಟು ಸೆಕೆಂಡು, ಆಮೇಲೆ ಧೂಳು. ಬೇಟೆ ತಪ್ಪಿತು. ನಮ್ಮ ಮನೆ ನಾಯಿಯ ಹಾಗೆ ಏದುಸಿರು ಬಿಡುತ್ತಾ ಕೂತಿತು, ಪಾಪ.

ಸಂಜೆ ಹೊಳೆ ಪಕ್ಕ ಇಂಪಾಲಾಗಳು (ಇವೂ ಜಿಂಕೆಯಂಥವೇ) ಫುಸ್ ಫುಸ್ ಅಂತ ಸೀನುವ ಹಾಗೆ ಸದ್ದು ಮಾಡಿದವು. ಆಗ ಮಾತ್ರ ನನ್ನ ಕಬಿನಿ ಕಿವಿ ಉಪಯೋಗಕ್ಕೆ ಬಂತು, ಡ್ರೈವರ್‌ಗಿಂತ ಮೊದಲು ನಾನೇ "ನಿಲ್ಲಿಸಿ" ಅಂದೆ. ಎಲ್ಲವೂ ಒಂದೇ ಮರದ ಕಡೆ ಮುಖ ಮಾಡಿದ್ದವು. ಕೊಂಬೆಯಿಂದ ಬಾಲ ಇಳಿಬಿದ್ದಿತ್ತು. ಈ ಸಲ ನಿಜವಾಗಲೂ ಚಿರತೆ. ಪಕ್ಕದ ಕವಲಿನಲ್ಲಿ ಅದು ಹೊತ್ತು ತಂದ ಬೇಟೆ, ಕೆಳಗೆ ಕತ್ತೆಕಿರುಬ ಕಾಯುತ್ತಾ ಕೂತಿತ್ತು. ಮರ ಹತ್ತಿಸದಿದ್ದರೆ ಊಟ ಅದರ ಪಾಲಾಗುತ್ತಿತ್ತು.

'ಬಿಗ್ ಫೈವ್' (ಸಿಂಹ, ಚಿರತೆ, ಆನೆ, ಆಫ್ರಿಕಾದ ಕಾಡೆಮ್ಮೆ, ಘೇಂಡಾಮೃಗ) ಪಟ್ಟಿಯನ್ನು ನಾನು ಅಷ್ಟೇನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಅದು ನಡೆದುಕೊಂಡು ಬೇಟೆಯಾಡಲು ಕಷ್ಟ, ಅಪಾಯ ಅಂತ ಹಳೆಯ ಬೇಟೆಗಾರರು ಮಾಡಿದ ಪಟ್ಟಿ. ಅದರಲ್ಲಿ ಚೀತಾ ಇಲ್ಲ, ಜಿರಾಫೆಯೂ ಇಲ್ಲ. ಪಟ್ಟಿಯಲ್ಲಿರುವ ಘೇಂಡಾಮೃಗ ಮಾರಾದಲ್ಲಿ ನಮಗೆ ಸಿಗಲೇ ಇಲ್ಲ. ವಾಪಸ್ ಬರುವಾಗ ನಕುರು ಸರೋವರದ ಪಾರ್ಕಿನಲ್ಲಿ ಆರು ನೋಡಿದೆವು. ಸುತ್ತ ಬೇಲಿ ಹಾಕಿ ಕಾಪಾಡುವ ಜಾಗ ಅದು.

ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ಬೇಕೇ ಬೇಕು. ಕ್ಯಾಮೆರಾ ಇಡಲು ಖಾಲಿ ಬಟ್ಟೆ ಚೀಲ ಒಯ್ದು ಅಲ್ಲೇ ಅಕ್ಕಿ ತುಂಬಿಸಿಕೊಂಡೆ, ಟ್ರೈಪಾಡ್‌ಗಿಂತ ವಾಸಿ. ಊಟಕ್ಕೆ ಉಗಾಲಿ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಅನ್ನಿ, ಜೊತೆಗೆ ಸೊಪ್ಪಿನ ಪಲ್ಯ. ನನ್ನ ಗಂಡ ಸಾರು ಕೇಳಿದರು.

ಕೊನೆಯ ದಿನ ಮಾರಾ ನದಿ ದಂಡೆ. ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಬಂದ ವಿಲ್ಡೆಬೀಸ್ಟ್ (ದನದಂತೆ ಕಾಣುವ ಹುಲ್ಲೆ) ಹಿಂಡು ದಾಟುವುದನ್ನು ನೋಡಲು ನಾಲ್ಕು ಗಂಟೆ ಕಾದೆವು. ಅವು ನೀರಿನವರೆಗೆ ಇಳಿಯುವುದು, ಮುಂದಿನದು ಬೆದರುವುದು, ಅಷ್ಟೂ ತಿರುಗಿ ಓಡುವುದು. ಐದು ಸಲ ಹೀಗೇ ಆಯಿತು. ಹೊತ್ತು ಮುಳುಗುವ ಮೊದಲು ಗೇಟು ದಾಟಬೇಕಿತ್ತು, ಹೊರಟೆವು.

ಎರಡು ದಿನ ಬಿಟ್ಟು ಡ್ರೈವರ್ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದರು. ಅದೇ ದಂಡೆ, ಸಾವಿರಾರು ವಿಲ್ಡೆಬೀಸ್ಟ್ ಒಂದರ ಮೇಲೊಂದು ನೀರಿಗೆ ಧುಮುಕುತ್ತಿದ್ದವು. ಕೆಳಗೆ ನಗುವ ಎಮೋಜಿ ಬೇರೆ.